ಕೈಯಲ್ಲಿ ಮಾಡಿದ ಪೂಲ್ ಕ್ಯೂ: ಹೊಸದು ಮಾಡಿಸೋದಾ, ಹಳೇದು ಕೊಳ್ಳೋದಾ?

ಎರಡು ವರ್ಷದಿಂದ ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡುತ್ತಿದ್ದೀರಿ. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಹಳೇ ಕಸ್ಟಮ್ ಕ್ಯೂ, ಅಂದರೆ ಕೈಯಲ್ಲಿ ಮಾಡಿದ ಚೆಂಡು ಹೊಡೆಯುವ ಕೋಲು ಇದೆ. ಅದನ್ನು ಕೊಳ್ಳಲಾ, ಇಲ್ಲ ಹೊಸದಕ್ಕೆ ಆರ್ಡರ್ ಕೊಡಲಾ ಅಂತ ಕೇಳಿದ್ದೀರಿ. ಊರು ಸಾಗರ ಅಂತ ಓದಿದ ಮೇಲೆ ಸುಮ್ನೆ ಇರೋಕಾಗಲಿಲ್ಲ. ಏಳು ವರ್ಷದ ಹಿಂದೆ ನನ್ನ ತಲೆಯನ್ನೂ ಇದೇ ಹುಳ ಕೊರೆಯುತ್ತಿತ್ತು.

ನಾನು ತೀರ್ಥಹಳ್ಳಿ ಕಡೆಯವನು, ಕೆಲಸ ಶಿವಮೊಗ್ಗದಲ್ಲಿ. ಸಂಜೆ ಪೂಲ್ ಪಾರ್ಲರ್‌ಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಸ್ಟಿಕ್‌ಗಳಲ್ಲಿ ಕಡಿಮೆ ಡೊಂಕಿರುವುದನ್ನು ಹುಡುಕಿ ಆಡುತ್ತಿದ್ದೆ. ಸ್ವಂತದ್ದೊಂದು ಬೇಕು ಅನ್ನೋ ಆಸೆ ಎರಡು ವರ್ಷ ಬಿಡಲಿಲ್ಲ. ಕೊನೆಗೆ ಒಂದು ಫೆಬ್ರವರಿಯಲ್ಲಿ ಬೆಂಗಳೂರಿಗೆ ಹೋದೆ. ಅಮೆರಿಕದಲ್ಲಿ ಒಬ್ಬರೇ ಕೂತು ಮಾಡಿದ ಕ್ಯೂ, ಸೆಕೆಂಡ್ ಹ್ಯಾಂಡ್. ಹಿಂದಿನ ದಪ್ಪ ಅರ್ಧಕ್ಕೆ ಬಟ್ ಅಂತಾರೆ. ಅದರ ಮೇಲೆ ಎಬೋನಿ ಅನ್ನೋ ಕಪ್ಪು ಮರ ಕೂರಿಸಿದ ನಾಲ್ಕು ಮೊನೆಗಳು, ನಾಲ್ಕೂ ಒಂದೇ ಎತ್ತರಕ್ಕೆ ಬಂದು ಸೂಜಿಯಷ್ಟು ಚೂಪಾಗಿ ಮುಗಿದಿದ್ದವು. ಹಿಡಿಯುವ ಜಾಗಕ್ಕೆ ಐರಿಶ್ ಲಿನನ್ ದಾರ ಸುತ್ತಿತ್ತು. ಮಾರುವವರು ಜೋಡಿಸಿದ ಕ್ಯೂವನ್ನು ಟೇಬಲ್ ಮೇಲೆ ಹೊರಳಿಸಿ ತೋರಿಸಿದರು. ಚೆಂಡಿಗೆ ತಾಗುವ ತುದಿ, ಅಂದರೆ ಟಿಪ್, ಒಂಚೂರೂ ಕುಣಿಯಲಿಲ್ಲ. 42,000 ರೂಪಾಯಿ ಎಣಿಸಿ ಕೊಟ್ಟು ರಾತ್ರಿ ರೈಲಿಗೆ ಬಂದುಬಿಟ್ಟೆ.

ತಪ್ಪಾಗಿದ್ದು ಅಲ್ಲೇ. ಕ್ಯೂ ಬಿಚ್ಚಿ, ಮುಂದಿನ ತೆಳ್ಳಗಿನ ಅರ್ಧವಾದ ಶಾಫ್ಟ್ ಬೇರೆ, ಬಟ್ ಬೇರೆ ಹೊರಳಿಸಿ ನೋಡಲಿಲ್ಲ.

ಮೇ ತಿಂಗಳವರೆಗೂ ಚೆನ್ನಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲ ಅಂದರೆ ನಿಮಗೆ ಗೊತ್ತಲ್ಲ, ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಜುಲೈ ಹೊತ್ತಿಗೆ ನೇರವಾಗಿ ಹೊಡೆದ ಬಿಳಿ ಚೆಂಡು ಬಲಕ್ಕೆ ಸರಿಯತೊಡಗಿತು. ನಾನು ನನ್ನ ಕೈಯನ್ನೇ ಅನುಮಾನಿಸಿದೆ. ಹಿಡಿತ ಬದಲಾಯಿಸಿದೆ, ನಿಲ್ಲೋ ರೀತಿ ಬದಲಾಯಿಸಿದೆ. ಮೂರು ತಿಂಗಳು ಹೀಗೆ ಹಾಳಾಯಿತು, ಆಡುತ್ತಿದ್ದ ಆಟವೂ ಕೆಟ್ಟಿತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಕ್ಯೂವನ್ನು ಟೇಬಲ್ ಮೇಲೆ ಹೊರಳಿಸಿದರೆ ಟಿಪ್ ಎದ್ದು ಬಿದ್ದು ಮಾಡುತ್ತಿದೆ.

ಮಳೆಗೆ ಶಾಫ್ಟ್ ಬಾಗಿದೆ ಅಂದುಕೊಂಡು, ಎರಡೂ ಭಾಗ ಜೋಡಿಸುವ ಆ ಜಾಯಿಂಟ್ ಪಿನ್‌ಗೆ ಹೊಂದುವ ಹೊಸ ಮೇಪಲ್ ಶಾಫ್ಟ್ ತರಿಸಿದೆ. ಅದಕ್ಕೆ 14,000 ಹೋಯಿತು. ಹಾಕಿ ಹೊರಳಿಸಿದೆ. ಆಗಲೂ ಟಿಪ್ ಕುಣಿಯಿತು! ಆಗ ಮಾತ್ರ ಬಟ್ ಕಡೆ ಗಮನ ಹೋಯಿತು.

ಆಟೋ ಕಾಂಪ್ಲೆಕ್ಸ್‌ನಲ್ಲಿ ಪರಿಚಯದ ಲೇತ್ ಮೇಸ್ತ್ರಿಯೊಬ್ಬರಿದ್ದರು. ಅವರು ಬಟ್ ಅನ್ನು ಲೇತಿನ ಎರಡು ಸೆಂಟರ್ ಮೊನೆಗಳ ನಡುವೆ ಸಿಕ್ಕಿಸಿ, ಡೊಂಕು ಅಳೆಯುವ ಡಯಲ್ ಗೇಜ್ ತಾಗಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಎರಡೂ ತುದಿಯಲ್ಲಿ ಮುಳ್ಳು ಅಲುಗಲಿಲ್ಲ. ನಡುವಿಗೆ ತಂದಾಗ ಅದು ಹೋಗುವುದು, ಬರುವುದು, ಮತ್ತೆ ಹೋಗುವುದು. "ಶಾಫ್ಟಲ್ಲಿ ಏನೂ ಇಲ್ಲ ಸಾರ್. ಹೊಟ್ಟೆ ಬಂದಿರೋದು ಇದಕ್ಕೆ" ಅಂದರು.

ಆಗಿದ್ದು ಇಷ್ಟು. ಹಳೇ ಶಾಫ್ಟ್ ಒಂದು ಕಡೆಗೆ ಸ್ವಲ್ಪ ಬಾಗಿತ್ತು. ಬಟ್ ಅದಕ್ಕೆ ಎದುರು ದಿಕ್ಕಿಗೆ ಸ್ವಲ್ಪ ಬಾಗಿತ್ತು. ಪಿನ್ ಬಿಗಿಯಾದಾಗ ಎರಡೂ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ಹಾಗಾಗಿ ಒಂದರ ಡೊಂಕನ್ನು ಇನ್ನೊಂದು ಮುಚ್ಚುತ್ತಿತ್ತು, ಎರಡೂ ತುದಿ ಒಂದೇ ಗೆರೆಯಲ್ಲಿ ಕಾಣುತ್ತಿದ್ದವು. ಮಳೆಗಾಲದ ತೇವಕ್ಕೆ ಶಾಫ್ಟ್ ಇನ್ನಷ್ಟು ಬಾಗಿದ ಮೇಲೆ ಆ ಲೆಕ್ಕ ತಪ್ಪಿತು. ನೆಟ್ಟಗಿನ ಶಾಫ್ಟ್ ಹಾಕಿದಾಗ ಬಟ್‌ನ ಡೊಂಕು ಬಯಲಾಯಿತು. ಮಾರಿದವರಿಗೂ ಇದು ಗೊತ್ತಿತ್ತು ಅಂತ ನಾನು ಹೇಳಲಾರೆ. ಅವತ್ತು ಅರ್ಧ ನಿಮಿಷ ಕೊಟ್ಟು, ಶಾಫ್ಟ್ ಒಂದನ್ನೇ ಟೇಬಲ್ ಮೇಲೆ ಹೊರಳಿಸುತ್ತಾ, ಕಣ್ಣನ್ನು ಬಟ್ಟೆಯ ಮಟ್ಟಕ್ಕೆ ತಂದು, ಅದರ ಕೆಳಗೆ ಕಾಣುವ ಬೆಳಕಿನ ಗೆರೆ ದಪ್ಪ ಸಣ್ಣ ಆಗುತ್ತದಾ ಅಂತ ನೋಡಿದ್ದರೆ ಸಾಕಿತ್ತು. ಆಮೇಲೆ ಬಟ್‌ಗೂ ಹಾಗೇ. ಬಾಗಿದ ಬಟ್ ಅನ್ನು ಸರಿ ಮಾಡುವುದು ಆಗದ ಕೆಲಸ ಅಂದುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಸದಾ ಹಳೇದಾ ಅಂತ ಕೇಳುವುದನ್ನೇ ಬಿಡಿ. ಕೇಳಬೇಕಾದದ್ದು ಆ ಮರ ನಮ್ಮ ಮಳೆಗಾಲಕ್ಕೆ ತಡೆಯುತ್ತದಾ ಅಂತ. ಒಳ್ಳೆ ಮೇಕರ್ ಶಾಫ್ಟ್ ಅನ್ನು ಒಂದೇ ಸಲಕ್ಕೆ ಅಳತೆಗೆ ಇಳಿಸುವುದಿಲ್ಲ. ಸ್ವಲ್ಪ ಕಡೆದು, ತಿಂಗಳುಗಟ್ಟಲೆ ತೂಗುಹಾಕಿ, ಮತ್ತೆ ಸ್ವಲ್ಪ ಕಡೆಯುತ್ತಾರೆ. ಹೆಬ್ಬಲಸು, ಬೀಟೆ ಕುಯ್ಸಿದ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ ನೆರಳಲ್ಲಿ ಪೇರಿಸಿಡುವುದಿಲ್ವಾ, ಹಾಗೆ. ಆದರೆ ಒಣ ಹವೆಯಲ್ಲಿ ಹದವಾದ ಹೊಸ ಮರ ಇಲ್ಲಿ ಏನು ಮಾಡುತ್ತದೆ ಅಂತ ಒಂದು ಮಳೆಗಾಲ ಕಳೆಯದೆ ತಿಳಿಯುವುದಿಲ್ಲ. ಹಲವು ಮಳೆಗಾಲ ಕಂಡೂ ನೆಟ್ಟಗಿರುವ ಹಳೇ ಕ್ಯೂ ಮೇಲೆ ನನಗೆ ನಂಬಿಕೆ ಜಾಸ್ತಿ.

ಹೊಸದು ಮಾಡಿಸಲು ಇನ್ನೊಂದು ತೊಡಕಿದೆ. ತೂಕ ಎಷ್ಟು ಔನ್ಸ್, ಟಿಪ್ ಎಷ್ಟು ಮಿಲಿಮೀಟರ್, ಭಾರ ಎಲ್ಲಿ ಕೂರಬೇಕು ಅಂತ ಮೇಕರ್ ಕೇಳುತ್ತಾರೆ. ಪೂಲ್ ಕ್ಯೂಗಳು ಸಾಮಾನ್ಯವಾಗಿ 18ರಿಂದ 21 ಔನ್ಸ್, ಟಿಪ್ 13 ಮಿ.ಮೀ. ಆಸುಪಾಸು. ನಿಮ್ಮ ಕೈಗೆ ಇದರಲ್ಲಿ ಯಾವುದು ಹಿತ ಅಂತ ಈಗಲೇ ಹೇಳಬಲ್ಲಿರಾ? ನನಗಂತೂ ಎರಡನೇ ವರ್ಷಕ್ಕೆ ಗೊತ್ತಿರಲಿಲ್ಲ. ಸ್ನೂಕರ್ ಆಡಿ ಬಂದ ಕೈಯಾದರೆ ಇನ್ನೂ ಕಷ್ಟ, ಅಲ್ಲಿನ ಟಿಪ್ ಹತ್ತು ಮಿಲಿಮೀಟರ್‌ಗಿಂತ ಸಣ್ಣದೇ ಜಾಸ್ತಿ. ಬೇರೆಯವರ ಅಳತೆಗೆ ಮಾಡಿಸಿ, ತಿಂಗಳುಗಟ್ಟಲೆ ಕಾದು, ಆಮೇಲೆ ಒಗ್ಗದಿದ್ದರೆ ಅದು ನೋವಿನ ವಿಷಯ.

ಬೆಂಗಳೂರಿನ ಆ ಕ್ಯೂ ಫೋಟೋ ನೋಡಿ ಕೊಳ್ಳಬೇಡಿ, ವಿಡಿಯೋನೂ ಸಾಲದು. ಹೋಗಿ, ಬಿಚ್ಚಿಸಿ, ಹೊರಳಿಸಿ. ವರ್ನಿಯರ್ ತಗೊಂಡು ಹೋಗಿ ಟಿಪ್ ಹತ್ತಿರ ಶಾಫ್ಟ್ ದಪ್ಪ ಅಳೆಯಿರಿ. ಉಪ್ಪುಕಾಗದ ಹಾಕಿ ಹಾಕಿ ತೆಳ್ಳಗೆ ಮಾಡಿದ ಶಾಫ್ಟ್ ಬೇಗ ಬಾಗುತ್ತದೆ. ತುಂಬಾ ಹಳೇದಾದರೆ ಇನ್ನೊಂದು ಮಾತು ಕೇಳಿ. ಹಿಂದಿನ ಕಾಲದ ಅಮೆರಿಕದ ಕ್ಯೂಗಳಲ್ಲಿ ಟಿಪ್ ಕೆಳಗಿನ ಬಳೆಯಾದ ಫೆರೂಲ್‌ಗೆ, ಜಾಯಿಂಟ್‌ಗೆ, ಕುಸುರಿಗೆ ಆನೆದಂತ ಬಳಸಿರುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. 1991ರ ತಿದ್ದುಪಡಿಯಲ್ಲಿ ಆಫ್ರಿಕಾದ ದಂತವೂ ಸೇರಿತು. ಸಕ್ರೆಬೈಲು ಬಿಡಾರದ ಆನೆಗಳನ್ನು ನೋಡುತ್ತಾ ಬೆಳೆದ ನಮಗೆ ಅಂಥದ್ದು ಬೇಡವೇ ಬೇಡ.

ನನ್ನ ಈಗಿನ ಕ್ಯೂ ಕೂಡ ಸೆಕೆಂಡ್ ಹ್ಯಾಂಡೇ. ಶಿವಮೊಗ್ಗದಲ್ಲೇ, ಜೋರು ಮಳೆಯ ಜುಲೈನಲ್ಲಿ ನೋಡಿ ಕೊಂಡೆ. ಐದನೇ ಮಳೆಗಾಲ ಮುಗಿಸಿದೆ, ಶಾಫ್ಟ್ ಕೆಳಗಿನ ಬೆಳಕಿನ ಗೆರೆ ಹಾಗೇ ಇದೆ. ತೂಕ 19 ಔನ್ಸ್, ಟಿಪ್ 12.6 ಮಿ.ಮೀ. ಈ ಕಡೆ ಬಂದಾಗ ತಿಳಿಸಿ, ಒಂದು ಗಂಟೆ ಅದರಲ್ಲಿ ಆಡಿ ನೋಡಿ. ಭಾರ ಅನ್ನಿಸಿತಾ, ಹಗುರ ಅನ್ನಿಸಿತಾ ಅಂತ ಒಂದು ಅಂದಾಜು ಸಿಗುತ್ತದೆ, ಆಮೇಲೆ ಬೆಂಗಳೂರಿಗೆ ಹೋಗಿ.