ಹಂಚಿನ ಮನೆಯ ಅಟ್ಟದಲ್ಲಿ ರೇಡಿಯೋ ಆಂಟೆನಾ: ತಂತಿಗಿಂತ ಮೊದಲು ತಗಡು ನೋಡಿ

ನೀವು ಕೇಳಿದ್ದು: ಧಾರವಾಡದಲ್ಲಿ ಹಳೆಯ ಹಂಚಿನ ಬಾಡಿಗೆ ಮನೆ, ಮೇಲೆ ಕಂಬ ನಿಲ್ಲಿಸಲು ಮಾಲೀಕರು ಒಪ್ಪುತ್ತಿಲ್ಲ, ಅಟ್ಟದ ಉದ್ದ 11 ಮೀಟರ್. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ, 50 ವಾಟಿನ ರೇಡಿಯೋ ಸೆಟ್ ಇದೆ. 2 ಮೀಟರ್ ಮತ್ತು 40 ಮೀಟರ್ ಬ್ಯಾಂಡಿನ ಆಂಟೆನಾ ಅಟ್ಟದಲ್ಲೇ ಕಟ್ಟಿದರೆ ನಡೆಯುತ್ತದೆಯೇ?

2 ಮೀಟರ್ ಚೆನ್ನಾಗಿ ನಡೆಯುತ್ತದೆ. 40 ಮೀಟರ್ ತಂತಿಯನ್ನು ಮಡಚಬೇಕು, ಆದರೂ ಉಪಯೋಗಕ್ಕೆ ಬರುತ್ತದೆ. ಆದರೆ ತಂತಿ ಕೊಳ್ಳುವ ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ, ಹಂಚಿನ ಕೆಳಗೆ ಏನಿದೆ ನೋಡಿ. ಬರೀ ಮಂಗಳೂರು ಹಂಚು, ಕಟ್ಟಿಗೆ ರೀಪು ಇದ್ದರೆ ರೇಡಿಯೋ ಅಲೆಗೆ ದೊಡ್ಡ ಅಡ್ಡಿಯಿಲ್ಲ. ಸೋರಿಕೆಗೆಂದು ತಾಡಪತ್ರಿ ಹಾಸಿದ್ದರೂ ಚಿಂತೆಯಿಲ್ಲ. ಹಂಚಿನಡಿ ಪತ್ರಾಸು (ತಗಡು) ಕೂಡಿಸಿದ್ದರೆ ಅಥವಾ ಶಾಖ ತಡೆಯಲು ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ಬಡಿದಿದ್ದರೆ ಅಟ್ಟದ ಆಸೆ ಬಿಟ್ಟುಬಿಡಿ. ಲೋಹದ ಹೊದಿಕೆಯೊಳಗೆ ಎಷ್ಟು ಒಳ್ಳೆಯ ಆಂಟೆನಾ ಕಟ್ಟಿದರೂ ವ್ಯರ್ಥ. ಸಿಮೆಂಟ್ ಶೀಟು ರೇಡಿಯೋಗೆ ಅಡ್ಡಿಯಲ್ಲ, ಆದರೆ ಹಳೆಯ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದಕ್ಕೆ ತೂತು ಕೊರೆಯಬೇಡಿ.

ಇನ್ನು ಉದ್ದದ ಲೆಕ್ಕ. ಡೈಪೋಲ್ ಎಂದರೆ ನಡುವೆ ಕೇಬಲ್ ಜೋಡಿಸಿದ, ಎರಡು ಸಮ ತೋಳಿನ ತಂತಿ ಆಂಟೆನಾ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ಅಲೆಯ ಡೈಪೋಲಿನ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 145 ಮೆಗಾಹರ್ಟ್ಸ್‌ಗೆ (2 ಮೀಟರ್ ಬ್ಯಾಂಡ್) ಸುಮಾರು 98.5 ಸೆಂಟಿಮೀಟರ್, 14.15ಕ್ಕೆ (20 ಮೀಟರ್ ಬ್ಯಾಂಡ್) 10.1 ಮೀಟರ್, 7.1ಕ್ಕೆ (40 ಮೀಟರ್ ಬ್ಯಾಂಡ್) 20.1 ಮೀಟರ್. ಮನೆಯಲ್ಲಿ ಎಫ್‌ಎಂ ಸರಿಯಾಗಿ ಹಿಡಿಯುತ್ತಿಲ್ಲವಾದರೆ 98 ಮೆಗಾಹರ್ಟ್ಸ್ ಲೆಕ್ಕಕ್ಕೆ 146 ಸೆಂಟಿಮೀಟರಿನ ಡೈಪೋಲ್ ಸಾಕು. ಅದಕ್ಕೆ ಟಿವಿಯ ಆರ್‌ಜಿ-6 ಕೇಬಲ್ಲೇ ಸರಿಹೊಂದುತ್ತದೆ. ಆರ್‌ಜಿ-6ರ ಹೊರ ಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ ಕನೆಕ್ಟರಿನಲ್ಲಿ ಬಿಗಿಯಿರಿ.

ಈ ಲೆಕ್ಕ ಬಯಲಿನಲ್ಲಿ ಕಟ್ಟಿದ ಬರಿ ತಂತಿಗೆ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ಪಿವಿಸಿ ವೈರು ಬಳಸಿದರೆ ಪ್ಲಾಸ್ಟಿಕ್ ಹೊದಿಕೆ, ಪಕ್ಕದ ಕಟ್ಟಿಗೆ, ಹಂಚು ಮೂರೂ ಸೇರಿ ಅನುರಣನವನ್ನು, ಅಂದರೆ ಆಂಟೆನಾ ಚೆನ್ನಾಗಿ ಕೆಲಸ ಮಾಡುವ ಆವರ್ತನವನ್ನು, ಕೆಳಗೆ ಎಳೆಯುತ್ತವೆ. ಹಾಗಾಗಿ ಲೆಕ್ಕದಷ್ಟೇ ಕತ್ತರಿಸಿ, ಅಳೆಯುತ್ತಾ ಮೊಟಕು ಮಾಡುತ್ತಾ ಬನ್ನಿ. 2 ಮೀಟರಿನಲ್ಲಿ ಎರಡೂ ಬದಿ 1 ಸೆಂಟಿಮೀಟರ್ ಕತ್ತರಿಸಿದರೆ ಸುಮಾರು 3 ಮೆಗಾಹರ್ಟ್ಸ್ ಮೇಲೇರುತ್ತದೆ. ನಮ್ಮ ಬ್ಯಾಂಡಿರುವುದೇ 144ರಿಂದ 146, ಅಂದಮೇಲೆ ಒಂದು ಸಲಕ್ಕೆ ಮೂರು ಮಿಲಿಮೀಟರಿಗಿಂತ ಹೆಚ್ಚು ಕತ್ತರಿಸಬೇಡಿ. 20 ಮೀಟರ್ ಬ್ಯಾಂಡಿನಲ್ಲಿ ಬದಿಗೆ 5 ಸೆಂಟಿಮೀಟರ್ ತೆಗೆದರೆ 140 ಕಿಲೋಹರ್ಟ್ಸ್ ಸರಿಯುತ್ತದೆ. ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದರೆ ಈ ಕೆಲಸ ಅರ್ಧ ಗಂಟೆಯದು. ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಮೀಟರ್ ಒಂದೇ ಇದ್ದರೆ ಅಟ್ಟಕ್ಕೆ ಹತ್ತಿಳಿದು ಮೊಣಕಾಲು ಸೋಲುತ್ತದೆ. ಒಂದು ಮಾತು: ಬೇಸಿಗೆಯಲ್ಲಿ ಹೊಂದಿಸಿದ ಆಂಟೆನಾ ಮಳೆಗಾಲದಲ್ಲಿ ಹಂಚು ನೀರು ಕುಡಿದಾಗ ಕೆಳಕ್ಕೆ ಸರಿಯುತ್ತದೆ. ಆದ್ದರಿಂದ ಬ್ಯಾಂಡಿನ ನಡುವಿಗಿಂತ ಸ್ವಲ್ಪ ಮೇಲಕ್ಕೇ ಹೊಂದಿಸಿ ಬಿಡಿ.

2 ಮೀಟರಿನ ಎಫ್‌ಎಂ, ರಿಪೀಟರ್ (ಸಿಕ್ಕ ಮಾತನ್ನು ಮತ್ತೆ ಪ್ರಸಾರ ಮಾಡುವ ಕೇಂದ್ರ) ಸಂಪರ್ಕಕ್ಕೆ ಡೈಪೋಲನ್ನು ನೆಟ್ಟಗೆ ನಿಲ್ಲಿಸಬೇಕು. ಹಂಚಿನ ನೆತ್ತಿಯ ಕೆಳಗೆ, ಅಟ್ಟದ ಅತ್ಯಂತ ಎತ್ತರದ ಜಾಗದಲ್ಲಿ ಬಿದಿರಿನ ಗಳಕ್ಕೋ ಒಣ ಕಟ್ಟಿಗೆ ಪಟ್ಟಿಗೋ ಕಟ್ಟಿ. ಪಿವಿಸಿ ಪೈಪು ಬೇಡ, ಏಪ್ರಿಲ್ ಬಿಸಿಲಿಗೆ ಅಟ್ಟ ಕಾದಾಗ ತೆಳು ಪೈಪು ಬಾಗುತ್ತದೆ. ಎಲ್ಲರೂ ತಪ್ಪುವುದು ಕೇಬಲ್ ಇಳಿಸುವುದರಲ್ಲಿ. ನಡುವಿನಿಂದ ಹೊರಟ ಕೇಬಲ್ ಕನಿಷ್ಠ ಅರ್ಧ ಮೀಟರಾದರೂ ಅಡ್ಡಡ್ಡ ಹೋಗಿ ಆಮೇಲೆ ಇಳಿಯಬೇಕು. ಕೆಳಗಿನ ತೋಳಿಗೆ ಅಂಟಿಕೊಂಡೇ ಇಳಿಸಿದರೆ ಕೇಬಲ್ಲಿನ ಜಾಲರಿಯೂ ಆಂಟೆನಾ ಆಗಿಬಿಡುತ್ತದೆ, ಎಷ್ಟು ಕತ್ತರಿಸಿದರೂ ಎಸ್‌ಡಬ್ಲ್ಯೂಆರ್ ಒಂದು ಕಡೆ ನಿಲ್ಲುವುದಿಲ್ಲ. ನಡುವಿನ ಹತ್ತಿರ ಕೇಬಲ್ಲಿಗೆ ಮೂರ್ನಾಲ್ಕು ಕ್ಲಿಪ್ ಫೆರೈಟ್ (ಜಾಲರಿಯ ಹೊರಮೈ ಕರೆಂಟ್ ತಡೆಯುವ ತುಂಡು) ಹಾಕಿ. ಕೇಬಲ್ ಉದ್ದಕ್ಕೂ ಬೆಲೆಯಿದೆ: 145 ಮೆಗಾಹರ್ಟ್ಸ್‌ನಲ್ಲಿ ತೆಳು ಆರ್‌ಜಿ-58 ಕೇಬಲ್ ಹತ್ತು ಮೀಟರಿಗೆ ಸುಮಾರು 2 ಡೆಸಿಬೆಲ್ ನುಂಗುತ್ತದೆ, 50 ವಾಟಿನಲ್ಲಿ 30ರ ಸುತ್ತ ಮಾತ್ರ ಮೇಲೆ ತಲುಪುತ್ತದೆ. ದಪ್ಪ ಆರ್‌ಜಿ-213 ಅದರ ಅರ್ಧದಷ್ಟೇ ನುಂಗುತ್ತದೆ.

ಎಚ್‌ಎಫ್‌ಗೆ (20, 40 ಮೀಟರಿನಂಥ ಶಾರ್ಟ್‌ವೇವ್ ಬ್ಯಾಂಡುಗಳಿಗೆ) ನಿಮ್ಮ 11 ಮೀಟರಿನ ಅಟ್ಟದಲ್ಲಿ 20 ಮೀಟರ್ ಬ್ಯಾಂಡಿನ ಡೈಪೋಲ್ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂಡುತ್ತದೆ. 40 ಮೀಟರ್ ತಂತಿಯನ್ನು ನೆತ್ತಿಯುದ್ದಕ್ಕೂ ನೇರ ಎಳೆದು, ಎರಡೂ ತುದಿಯಲ್ಲಿ ಉಳಿದ ನಾಲ್ಕೂವರೆ ಮೀಟರನ್ನು ಇಳಿಜಾರಿನ ಗುಂಟ ತಂದು ಪಕ್ಕಕ್ಕೆ ತಿರುಗಿಸಿ. ತಂತಿಯನ್ನು ತನ್ನ ಮೇಲೆಯೇ ಹಿಂದಕ್ಕೆ ಮಡಚಬೇಡಿ, ಪರಸ್ಪರ ಕೆಲಸ ಕೆಡಿಸಿಕೊಳ್ಳುತ್ತವೆ. ನೆಲದಿಂದ ಐದಾರು ಮೀಟರ್ ಎತ್ತರದ 40 ಮೀಟರ್ ಡೈಪೋಲ್ ಹೆಚ್ಚಿನ ಶಕ್ತಿಯನ್ನು ನೆಟ್ಟಗೆ ಆಕಾಶಕ್ಕೇ ಕಳಿಸುತ್ತದೆ, ಅದು ಮೇಲಿಂದ ಮರಳಿ ಸುತ್ತಲಿನ ಊರುಗಳಿಗೆ ಇಳಿಯುತ್ತದೆ. ಹಗಲಲ್ಲಿ ಬೆಂಗಳೂರು, ಪುಣೆ, ಹೈದರಾಬಾದ್ ಮಾತಿಗೆ ಅದೇ ಬೇಕು. ದೂರ ದೇಶದವರು ಬೇಕೆಂದರೆ 20 ಮೀಟರ್ ಮೇಲು. ಎರಡನ್ನೂ ಒಂದೇ ಕೇಬಲ್ಲಿಗೆ ಸೇರಿಸಬಹುದು: ನಡುವೆ ಎರಡೂ ಜೋಡಿ ತಂತಿ ಒಟ್ಟಿಗೆ, ಹೊರಗೆ ಹೋದಂತೆ 20-30 ಸೆಂಟಿಮೀಟರ್ ಅಂತರ. ಮೊದಲು 40, ಆಮೇಲೆ 20 ಹೊಂದಿಸಿ, ಕೊನೆಗೆ 40ನ್ನು ಮತ್ತೊಮ್ಮೆ ನೋಡಿ. ನಡುವೆ 2.4 ಇಂಚಿನ, 43ನೇ ಬಗೆಯ ಫೆರೈಟ್ ಬಳೆಗೆ ಆರ್‌ಜಿ-58ನ್ನು ಹತ್ತು ಸುತ್ತು ಸುತ್ತಿ. ತುದಿಗಳಲ್ಲಿ ವೋಲ್ಟೇಜ್ ಅತಿ ಹೆಚ್ಚು, ಒಣ ತೊಲೆಗೆ ತಾಗಿಸದೆ ಕರೆಂಟ್ ಹಾಯದ ಪಿಂಗಾಣಿ ಗುಂಡಿಯ ಮೂಲಕ ನೈಲಾನ್ ದಾರದಲ್ಲಿ ಎಳೆಯಿರಿ.

ಅಟ್ಟದ ನಿಜವಾದ ಶತ್ರು ಸದ್ದು. ಫ್ಯಾನು, ದೀಪದ ವೈರುಗಳೆಲ್ಲ ಅಲ್ಲೇ ಓಡುತ್ತವೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲದರ ಗೊರಗೊರ ತಂತಿಗೆ ಹತ್ತುತ್ತದೆ. ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ, ಇನ್ವರ್ಟರನ್ನೂ ಆರಿಸಿ, ಎಂಸಿಬಿ ಒಂದೊಂದಾಗಿ ಇಳಿಸಿದರೆ ಕಳ್ಳ ಸಿಕ್ಕುತ್ತಾನೆ. ಆಂಟೆನಾ ತಂತಿಯನ್ನು ವೈರಿಂಗಿಗೆ ಅಡ್ಡಲಾಗಿ, ಆದಷ್ಟು ದೂರ ಕಟ್ಟಿ. ಧಾರವಾಡಕ್ಕೇ ವಿಶೇಷವಾದ ತೊಂದರೆ ಇನ್ನೊಂದಿದೆ: ಆಕಾಶವಾಣಿಯ 765 ಕಿಲೋಹರ್ಟ್ಸ್, 200 ಕಿಲೋವಾಟ್. ಉದ್ದ ತಂತಿಗೆ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರೇಡಿಯೋ) ಅಥವಾ ಸಣ್ಣ ರಿಸೀವರ್ ಜೋಡಿಸಿದರೆ ಅದು ಉಸಿರುಕಟ್ಟಿ, ಇಲ್ಲದ ಜಾಗದಲ್ಲೆಲ್ಲ ಧಾರವಾಡವೇ ಕೇಳುತ್ತದೆ. 2 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಯುವ ಹೈಪಾಸ್ ಫಿಲ್ಟರ್ ರಿಸೀವರಿನ ಮುಂದೆ ಹಾಕಿದರೆ ಮುಗಿಯಿತು.

ಕೆಳಗೆ ಮಲಗುವ ಕೋಣೆಯಿದ್ದರೆ 2 ಮೀಟರಿನ ಆಂಟೆನಾಕ್ಕೂ ಮಂಚಕ್ಕೂ 50 ವಾಟಿನಲ್ಲಿ ಮೂರು ಮೀಟರ್ ಅಂತರವಿರಲಿ. ಹತ್ತುವ ಮೊದಲು ಮೇನ್ ಇಳಿಸಿ, ಹಳೆಯ ಮನೆಗಳ ವೈರು ಜೋಡಣೆ ಬಿಚ್ಚಿಕೊಂಡೇ ಇರುತ್ತವೆ. ತೊಲೆಯಿಂದ ತೊಲೆಗೆ ಹಲಗೆ ಹಾಸಿ ನಡೆಯಿರಿ. ಕೈಗವಸು ಹಾಕಿ, ಹಂಚಿನ ಸಂದಿಯಲ್ಲಿ ಚೇಳು ಇರುತ್ತವೆ. ಹಂಚಿನೊಳಗಿದೆ ಎಂದು ಸಿಡಿಲು ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟುವಾಗಲೇ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕಿ, ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ. ಇನ್ನು ಇಲಿ: ಕೇಬಲನ್ನು ತೊಲೆಯ ಮೇಲೆ ಮಲಗಿಸದೆ ಅದರ ಕೆಳಗೆ ತೂಗುಬಿಟ್ಟು ಕಟ್ಟಿದರೆ ಇಲಿಯ ಬಾಯಿಗೆ ಸಿಗುವುದು ಕಡಿಮೆ. ಎಸ್‌ಡಬ್ಲ್ಯೂಆರ್ ಒಮ್ಮೆಲೇ ಏರಿದರೆ ಸೆಟ್ಟು ಬಿಚ್ಚುವ ಮೊದಲು ಕೇಬಲ್ಲನ್ನೇ ಉದ್ದಕ್ಕೂ ಕೈಯಾಡಿಸಿ ನೋಡಿ.