641 ಎಲ್ಲಿಂದ ಬಂತು?

ಪ್ರಶ್ನೆ: 4,29,49,67,297 ಅವಿಭಾಜ್ಯ ಸಂಖ್ಯೆಯೇ? 100ರೊಳಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ. ಒಂದು ಸಲವೂ ಶೇಷ ಸೊನ್ನೆ ಬರಲಿಲ್ಲ. ಇನ್ನೂ ಎಷ್ಟು ದೂರ ಹೋಗಬೇಕು?

ಉತ್ತರ: ಅವಿಭಾಜ್ಯ ಅಲ್ಲ. 641ರಿಂದ ಭಾಗಿಸಿ, ಶೇಷ ಉಳಿಯುವುದಿಲ್ಲ. ಭಾಗಲಬ್ಧ 67,00,417. ಇನ್ನು ಸ್ವಲ್ಪ ಹಟ ಹಿಡಿದಿದ್ದರೆ ನಿಮಗೇ ಸಿಗುತ್ತಿತ್ತು. ಆದರೆ ಅದು ಮೊದಲೇ ಗೊತ್ತಿರುವುದಿಲ್ಲ, ಅಲ್ವಾ? ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ ವರ್ಗಮೂಲದವರೆಗೆ, ಅಂದರೆ 65,536ರವರೆಗೆ ನೋಡಬೇಕು. ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ!

ಅದಕ್ಕಿಂತ ಈ ಸಂಖ್ಯೆ ಹೇಗೆ ಹುಟ್ಟಿತು ಅಂತ ನೋಡುವುದು ಒಳ್ಳೆಯದು. ಇದು 2³² + 1. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇಂಥದ್ದೇ ಒಂದು ಸಾಲಿನ ಬೆನ್ನು ಹತ್ತಿದ್ದ. 2ರ ಘಾತವನ್ನು 1, 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ 1 ಕೂಡಿಸಿದರೆ ಬರುವ ಸಾಲು: 3, 5, 17, 257, 65,537. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ ನಂಬಿದ. ಆರನೆಯದೇ ನಿಮ್ಮ ಸಂಖ್ಯೆ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದು ತೋರಿಸಿದ. ಇದನ್ನು ಭಾಗಿಸುವ ಯಾವ ಅವಿಭಾಜ್ಯವನ್ನೇ ತೆಗೆದುಕೊಂಡರೂ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂಥವು 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿಬಿಟ್ಟಿತು.

ಭಾಗಾಕಾರವನ್ನೇ ಮಾಡದೆಯೂ ಇದನ್ನು ಸಾಧಿಸಬಹುದು. 641 ಅಂದರೆ 5 × 128 + 1. ಹಾಗಾಗಿ 641ರ ಲೆಕ್ಕದಲ್ಲಿ, ಅಂದರೆ 641ರಿಂದ ಭಾಗಿಸಿದಾಗಿನ ಶೇಷವನ್ನಷ್ಟೇ ನೋಡಿದರೆ, 5 × 2⁷ ಅನ್ನುವುದು −1 ಇದ್ದಂತೆ. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿ: 625 × 2²⁸ ಅಂದರೆ 1. ಆದರೆ 641 ಅಂದರೆ 625 + 16 ಕೂಡ ಹೌದು. ಅಂದರೆ 625ರ ಜಾಗದಲ್ಲಿ −16 ಇಡಬಹುದು. ಆಗ −2³² ಅಂದರೆ 1. ಎರಡನ್ನೂ ಒಂದೇ ಕಡೆ ತಂದರೆ 2³² + 1 ಸೊನ್ನೆ, ಅಂದರೆ 641ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಮುಗಿಯಿತು. ಇಷ್ಟು ಚಿಕ್ಕ ಸಾಧನೆ ಅಂತ ಮೊದಲ ಸಲ ನೋಡಿದಾಗ ನನಗೆ ನಂಬಿಕೆಯೇ ಬಂದಿರಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವ ಗುಣ ಇನ್ನೊಂದಿದೆ. ನಿಮ್ಮ ಸಂಖ್ಯೆ 65,536² + 1² ಅನ್ನುವುದು ಕಣ್ಣಿಗೆ ಕಾಣುತ್ತದೆ. ಅದೇ ಸಂಖ್ಯೆ 62,264² + 20,449² ಕೂಡ ಹೌದು. ಕೂಡಿಸಿ ನೋಡಿ: 387,68,05,696 ಮತ್ತು 41,81,61,601. ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ, ಒಂದೇ ರೀತಿಯಲ್ಲಿ ಬರೆಯಲು ಸಾಧ್ಯ. ಇದಕ್ಕೆ ಎರಡು ರೀತಿ ಸಿಕ್ಕಿತು. ಭಾಜಕ ಯಾವುದು ಅಂತ ಗೊತ್ತಿಲ್ಲದಿದ್ದರೂ ಇದು ಅವಿಭಾಜ್ಯ ಅಲ್ಲ ಅಂತ ಇಲ್ಲೇ ತೀರ್ಮಾನವಾಯಿತು. (20,449 ತಾನೇ 143ರ ವರ್ಗ. ಅದು ಬರೀ ಕಾಕತಾಳೀಯ.)

ಇನ್ನು 67,00,417 ಕೂಡ ಒಡೆಯುತ್ತದೆಯೇ ಅಂತ ನೀವು ಕೇಳುವುದು ಖಂಡಿತ. ಇಲ್ಲ, ಅದು ಅವಿಭಾಜ್ಯ. ನೀವೇ ಪರೀಕ್ಷಿಸಬಹುದು: ಅದರ ವರ್ಗಮೂಲ 2,588ರ ಆಸುಪಾಸು, ಶೇಷ 1ರ ನಿಯಮ ಅದಕ್ಕೂ ಅನ್ವಯಿಸುತ್ತದೆ. 641ರಿಂದ ಶುರು ಮಾಡಿದರೆ ನೋಡಬೇಕಾದವು ಬರೀ 31 ಸಂಖ್ಯೆ. ಅವುಗಳಲ್ಲೂ 705, 1025ರಂಥವನ್ನು ಕಣ್ಣಲ್ಲೇ ಹೊಡೆದುಹಾಕಬಹುದು.