ತಿಂಗಳಿಗೆ 280 ಯೂನಿಟ್ ಖರ್ಚಾಗುವ ಮಲೆನಾಡಿನ ಮನೆಗೆ ಸೋಲಾರ್ ಹಾಕಿಸುವುದು ಲಾಭವೇ?

ಮೂಡಿಗೆರೆ ಕಡೆಯ ತಮ್ಮ ಮನೆಯಲ್ಲಿ ತಿಂಗಳಿಗೆ ಸುಮಾರು 280 ಯೂನಿಟ್ ಖರ್ಚಾಗುತ್ತಿದೆ, 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಬಿಲ್ ಸೊನ್ನೆಯಾಗುತ್ತದೆ ಎಂದು ಮಾರುವವರು ಹೇಳುತ್ತಿದ್ದಾರೆ, ಎರಡು ಲಕ್ಷ ಹೂಡಬಹುದೇ ಎಂದು ಕೇಳಿದ್ದೀರಿ. ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ಅಷ್ಟೇ ಸಾಮರ್ಥ್ಯದ ಫಲಕಗಳಿವೆ, ಅವುಗಳಿಂದ ನನಗೆ ತೃಪ್ತಿಯೂ ಇದೆ. ಆದರೂ ತಮಗೆ ಅದನ್ನೇ ಮಾಡಿ ಎಂದು ಹೇಳಲು ಮನಸ್ಸು ಬರುತ್ತಿಲ್ಲ.

ನಮ್ಮ ರಾಜ್ಯದಲ್ಲಿ ಈ ಲೆಕ್ಕವನ್ನು ಗೃಹಜ್ಯೋತಿಯಿಂದ ಆರಂಭಿಸಬೇಕು. 2023ರಲ್ಲಿ ಬಂದ ಆ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಲಾಯಿತು. ಮಿತಿ ದಾಟಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದ ತಿಂಗಳಲ್ಲಿ ಮಾತ್ರ ಪೂರ್ತಿ ಬಿಲ್ ತೆರಬೇಕಾಗುತ್ತದೆ. ಆದ್ದರಿಂದ ಆ ವರ್ಷದ ತಮ್ಮ ಸರಾಸರಿ 200ರೊಳಗಿದ್ದು ನೋಂದಣಿಯೂ ಆಗಿದ್ದರೆ, ತಾವು ಇಳಿಸಬೇಕಾದದ್ದು 280 ಯೂನಿಟ್ ಅಲ್ಲ, 80 ಯೂನಿಟ್ ಅಷ್ಟೇ. ಎರಡು ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಒಂದೂವರೆ ಗಂಟೆ ಉರಿದರೆ ತಿಂಗಳಿಗೆ 90 ಯೂನಿಟ್ ನುಂಗುತ್ತದೆ. ಸ್ನಾನದ ನೀರನ್ನು ಬೇಸಿಗೆಯಲ್ಲಿ ಸೋಲಾರ್ ಹೀಟರ್‌ಗೂ ಮಳೆಗಾಲದಲ್ಲಿ ಬಚ್ಚಲ ಹಂಡೆಗೂ ಒಪ್ಪಿಸಿದರೆ ಈ ಕೆಲಸ ಎರಡು ಲಕ್ಷದ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ತೋಟದ ಮನೆಯಾದರೆ ಸೌದೆಗೇನೂ ಬರವಿರುವುದಿಲ್ಲ. ಬಿಲ್ಲೇ ಬಾರದ ಮನೆಯಲ್ಲಿ ಫಲಕಗಳು ಉಳಿಸುವುದಕ್ಕೆ ಏನೂ ಇರುವುದಿಲ್ಲ. ಇದನ್ನು ಮಾರುವವರು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು.

ತಮಗೆ ಗೃಹಜ್ಯೋತಿ ಅನ್ವಯಿಸದಿದ್ದರೆ ಅಥವಾ ಏನು ಮಾಡಿದರೂ ಬಳಕೆ ಇಳಿಯದಿದ್ದರೆ ಲೆಕ್ಕ ಬೇರೆಯಾಗುತ್ತದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನವಿದೆ. ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ಕೊಡುತ್ತದೆ. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ಮೂರು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 26,000 ರೂಪಾಯಿ ಉಳಿದು, ಸಹಾಯಧನ ಕಳೆದ 1,22,000 ರೂಪಾಯಿ ಸುಮಾರು ಐದು ವರ್ಷದಲ್ಲಿ ಹಿಂದಿರುಗುತ್ತದೆ. ಕಡೂರು, ಅರಸೀಕೆರೆಗಳವರು ಈ ಲೆಕ್ಕವನ್ನು ನಂಬಬಹುದು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವುದರಿಂದ, ಆ ಉತ್ಪಾದನೆಯಲ್ಲಿ ಕಾಲು ಭಾಗವನ್ನಾದರೂ ಕಡಿತಗೊಳಿಸಿಯೇ ಲೆಕ್ಕ ಹಾಕುವುದು ಒಳ್ಳೆಯದು. ಬೇಸಿಗೆಯಲ್ಲಿ ಮಿಕ್ಕಿ ಲೈನಿಗೆ ಹೋಗುವ ವಿದ್ಯುತ್ತಿಗೆ ಮೆಸ್ಕಾಂ ಕೊಡುವ ದರ ನಾವು ತೆರುವ ದರಕ್ಕಿಂತ ಕಡಿಮೆ. ನಿಗದಿತ ಶುಲ್ಕವಂತೂ ಎಷ್ಟು ಉತ್ಪಾದಿಸಿದರೂ ತಪ್ಪುವುದಿಲ್ಲ. ಹೀಗಾಗಿ ಹೆಚ್ಚು ಉತ್ಪಾದಿಸಿ ಮಾರುವ ಆಸೆಯನ್ನು ಬಿಟ್ಟು 2 ಕಿಲೋವ್ಯಾಟ್‌ಗೆ ನಿಲ್ಲುವುದು ತಮಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಕಾಟಕ್ಕೆ ಇದು ಪರಿಹಾರವೆಂದು ಭಾವಿಸಿದ್ದರೆ ಮಾತ್ರ ದಯವಿಟ್ಟು ನಿಲ್ಲಿಸಿ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸುವ ಆನ್‌ಗ್ರಿಡ್ ವ್ಯವಸ್ಥೆಯಲ್ಲಿ, ಫಲಕಗಳ ವಿದ್ಯುತ್ತನ್ನು ಮನೆಯ ಬಳಕೆಗೆ ಒಗ್ಗಿಸುವ ಇನ್‌ವರ್ಟರ್, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂಬ ಕಾರಣಕ್ಕೆ, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಬಿಸಿಲಿದ್ದರೂ ಮನೆ ಕತ್ತಲೆಯೇ. ಬ್ಯಾಟರಿಯುಳ್ಳ ಹೈಬ್ರಿಡ್ ವ್ಯವಸ್ಥೆ ಬೇಕೆಂದರೆ ಖರ್ಚು ಬಹಳ ಏರುತ್ತದೆ, ಆ ಬ್ಯಾಟರಿಗಳನ್ನು ಮುಂದೆ ಬದಲಿಸಬೇಕಾಗಿಯೂ ಬರುತ್ತದೆ.

ಹಾಕಿಸುವುದೇ ಆದರೆ ಒಂದು ಕಿಲೋವ್ಯಾಟ್‌ಗೆ ನೂರು ಚದರ ಅಡಿಯಂತೆ, ದಕ್ಷಿಣಕ್ಕೆ ಮುಖ ಮಾಡಿದ, ಸಿಲ್ವರ್ ಮರದ ನೆರಳು ಬೀಳದ ಜಾಗ ಇದೆಯೇ ಎಂದು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ತಾವೇ ನಿಂತು ನೋಡಿ. ಹೆಂಚಿನ ಮಾಡಾದರೆ ಪಕಾಸಿಯ ಗಟ್ಟಿತನವನ್ನು ಬಡಗಿಯವರಿಂದ ಮೊದಲು ಪರೀಕ್ಷೆ ಮಾಡಿಸಿ. ಸಿಡಿಲಿನ ರಕ್ಷಣೆ, ಅರ್ಥಿಂಗ್, ಇನ್‌ವರ್ಟರ್‌ನ ಖಾತರಿ ಎಷ್ಟು ವರ್ಷ ಎಂಬುದು, ಇವೆಲ್ಲವೂ ದರಪಟ್ಟಿಯಲ್ಲಿ ಬರವಣಿಗೆಯಲ್ಲಿರಲಿ. ಸಹಾಯಧನ ಸಿಗುವುದು ದೇಶದಲ್ಲೇ ತಯಾರಾದ ಫಲಕಗಳಿಗೆ ಮಾತ್ರ, ಅದೂ ಸಂಪರ್ಕವಾದ ನಂತರ ನೇರವಾಗಿ ತಮ್ಮ ಬ್ಯಾಂಕ್ ಖಾತೆಗೆ. ಅಲ್ಲಿಯವರೆಗೆ ಪೂರ್ತಿ ಹಣವನ್ನು ತಾವೇ ಹೊಂದಿಸಿಕೊಳ್ಳಬೇಕಾಗುತ್ತದೆ.